ಓದುಗರ ಪ್ರಶ್ನೆ: ಹೊಳೆ ಹಿಡಿದು ಹೋಗಿ

ಜರ್ಮನಿಯ ಕಾಡುಗುಡ್ಡಗಳ ನಡುವೆ ಸೈಕಲ್ ಪ್ರವಾಸ ಮಾಡುವ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ತುಂಬಾ ಪತ್ರಗಳು ಬಂದವು. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. 17 ವರ್ಷದಿಂದ ಟ್ಯೂಬಿಂಗನ್ ಪಕ್ಕದ ಹಳ್ಳಿಯೊಂದರಲ್ಲಿ ಇದ್ದೇನೆ. ವರ್ಷಕ್ಕೆ ಎರಡು ಮೂರು ಸಲವಾದರೂ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೊರಡುತ್ತೇನೆ. ನಾನೇ ಓಡಾಡಿದ ದಾರಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗಳು ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಅವಳ ಮನೆಗೆ ಹೋಗುತ್ತಿದ್ದೇವೆ. ನನಗೆ 59, ನನ್ನ ಹೆಂಡತಿಗೆ 54. ಭಾನುವಾರ ಶ್ರೀರಂಗಪಟ್ಟಣದ ತನಕ ಸೈಕಲ್ಲಿನಲ್ಲಿ ಹೋಗಿಬರುವ ಅಭ್ಯಾಸ ಇದೆ. ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಮೂರು ದಿನ ಸೈಕಲ್ಲಿನಲ್ಲೇ ಸುತ್ತಬೇಕೆಂಬ ಆಸೆ. ಬೆಟ್ಟ ಹತ್ತುವುದು ನಮ್ಮಿಂದ ಆಗುತ್ತದೆಯೇ?
— ಮೈಸೂರಿನ ಓದುಗರು

ಖಂಡಿತ ಆಗುತ್ತದೆ ಸರ್. ಆದರೆ ಹತ್ತುವ ಕೆಲಸವನ್ನು ರೈಲಿಗೆ ಬಿಡಿ. ನೀವಿಬ್ಬರೂ ಹೊಳೆ ಹಿಡಿದು ಇಳಿಯಿರಿ.

ಈ ಮಾತನ್ನು ಯಾರು ಕೇಳಿದರೂ ಮೊದಲು ಹೇಳುತ್ತೇನೆ. ಜರ್ಮನಿಯ ಗುಡ್ಡಗಾಡಿನಲ್ಲಿ ಒಂದೊಂದು ಕಣಿವೆಗೂ ಒಂದೊಂದು ಹೊಳೆ. ಹೆಚ್ಚಿನ ಹೊಳೆಗಳ ಪಕ್ಕದಲ್ಲಿ ಸೈಕಲ್ ದಾರಿ ಇದೆ. ಎಷ್ಟೋ ಕಡೆ ಅದರ ಪಕ್ಕದಲ್ಲೇ ರೈಲು ಹಳಿಯೂ ಇದೆ. ನೀರು ಹರಿಯುವ ದಾರಿಯಲ್ಲಿ ಹೋದರೆ ಕಾಲಿಗೆ ಸುಸ್ತು ಕಡಿಮೆ. ಮಳೆ ಜೋರಾದರೆ ಮುಂದಿನ ಸ್ಟೇಷನ್ನಿನಲ್ಲಿ ರೈಲು ಹತ್ತಬಹುದು. ಕಾಡು ಎರಡೂ ಕಡೆ ಇದ್ದೇ ಇರುತ್ತದೆ.

ನಿಮಗೆ ಕಿನ್ಸಿಗ್ ಕಣಿವೆಯ ದಾರಿ ಹೇಳಿ ಮಾಡಿಸಿದ ಹಾಗಿದೆ. ಸ್ಟುಟ್‌ಗಾರ್ಟಿನಿಂದ ರೀಜನಲ್ ರೈಲಿನಲ್ಲಿ ಸೈಕಲ್ ಸಮೇತ ಫ್ರಾಯ್ಡನ್‌ಸ್ಟಾಟ್‌ಗೆ ಬನ್ನಿ. ಆ ಊರು ಸುಮಾರು 730 ಮೀಟರ್ ಎತ್ತರದಲ್ಲಿದೆ. ನೀವು ಇಳಿದು ಸೇರುವ ಓಫನ್‌ಬುರ್ಗ್ ಸುಮಾರು 160 ಮೀಟರ್. ನಡುವೆ ಅಲ್ಲಲ್ಲಿ ಸಣ್ಣ ಏರುಗಳಿವೆ. ಸೈಕಲ್ ಇಳಿದು ತಳ್ಳಿದರೂ ಐದು ನಿಮಿಷದ ಮಾತು.

ಮೊದಲ ದಿನ ಆಲ್ಪಿರ್ಸ್‌ಬಾಖ್ ಮೇಲೆ ಶಿಲ್ಟಾಖ್ ತನಕ, 30 ಕಿ.ಮೀ. ಆಸುಪಾಸು. ಆಲ್ಪಿರ್ಸ್‌ಬಾಖ್‌ನಲ್ಲಿ ಕೆಂಪು ಮರಳುಗಲ್ಲಿನ ಹಳೆಯ ಮಠ ಇದೆ. ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಶಿಲ್ಟಾಖ್‌ನಲ್ಲಿ ರಾತ್ರಿ ಉಳಿಯಿರಿ. ಮರದ ಚೌಕಟ್ಟಿನ ನಡುವೆ ಗೋಡೆ ತುಂಬಿಸಿ ಕಟ್ಟಿದ ಮನೆಗಳು ಅಲ್ಲಿ ಗುಡ್ಡದ ಮೇಲಕ್ಕೆ ಸಾಲಾಗಿ ಏರಿಹೋಗಿವೆ. ಈ ಊರು ಬದುಕಿದ್ದೇ ಮರದಿಂದ. ಕಾಡಿನಲ್ಲಿ ಕಡಿದ ಉದ್ದುದ್ದ ಮರಗಳನ್ನು ತೆಪ್ಪದ ಹಾಗೆ ಒಂದಕ್ಕೊಂದು ಕಟ್ಟಿ, ಕಿನ್ಸಿಗ್ ಹೊಳೆಗೆ ಬಿಟ್ಟು, ರೈನ್ ನದಿಗೆ ಸೇರಿಸಿ ಹಾಲೆಂಡ್ ತನಕ ಒಯ್ಯುತ್ತಿದ್ದರು. ಅಲ್ಲಿ ಅವು ಹಡಗು ಕಟ್ಟಲು ಆಗುತ್ತಿದ್ದವು. ನೀವು ಇಳಿಯುವ ದಾರಿ ಆ ಮರಗಳು ಇಳಿದ ದಾರಿಯೇ.

ಎರಡನೇ ದಿನ ಗೆಂಗನ್‌ಬಾಖ್ ತನಕ, ಸುಮಾರು 40 ಕಿ.ಮೀ. ದಾರಿಯಲ್ಲಿ ಹೌಸಾಖ್ ಸಿಗುತ್ತದೆ. ಅಲ್ಲಿಂದ ಪಕ್ಕದ ಕಣಿವೆಗೆ ತಿರುಗಿ ಗೂಟಾಖ್‌ನ ಹಳ್ಳಿಮನೆಗಳ ಬಯಲು ಮ್ಯೂಸಿಯಂ ನೋಡಲೇಬೇಕು. ಅಲ್ಲಿ 1612ರಲ್ಲಿ ಕಟ್ಟಿದ ರೈತರ ಮನೆ ಇದ್ದ ಜಾಗದಲ್ಲೇ ಇದೆ. ಸೂರು ಕೈಗೆ ಸಿಗುವಷ್ಟು ಕೆಳಕ್ಕೆ ಬಂದಿದೆ. ಜನ, ದನ, ಹುಲ್ಲು ಎಲ್ಲಾ ಒಂದೇ ಮಾಡಿನ ಕೆಳಗೆ. ಮೊದಲ ಸಲ ಒಳಗೆ ಕಾಲಿಟ್ಟಾಗ ಹೊಗೆ ಹಿಡಿದ ಅಡುಗೆಮನೆಯ ತೊಲೆ ನೋಡಿ ನನಗೆ ನಮ್ಮ ಅಜ್ಜನ ಮನೆ ನೆನಪಾಗಿ ಕಣ್ಣು ತುಂಬಿ ಬಂತು. ಇಲ್ಲಿಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಮೂರನೇ ದಿನ ಗುಡ್ಡಗಳು ಹಿಂದೆ ಸರಿಯುತ್ತವೆ. ಓಫನ್‌ಬುರ್ಗ್ ದಾಟಿದ ಮೇಲೆ ಕೇಲ್ ತನಕ ಸಪಾಟು ನೆಲ. ಅಲ್ಲಿ ರೈನ್ ನದಿಗೆ ನಡೆಯುವವರಿಗೆ, ಸೈಕಲ್ಲಿನವರಿಗೆ ಎಂದೇ 2004ರಲ್ಲಿ ಕಟ್ಟಿದ ಸೇತುವೆ ಇದೆ. ಅದನ್ನು ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಷೆಂಗೆನ್ ವೀಸಾ ಸಾಕು. ಆದರೆ ಪಾಸ್‌ಪೋರ್ಟ್ ಚೀಲದಲ್ಲೇ ಇರಲಿ, ಗಡಿಯಲ್ಲಿ ನಿಲ್ಲಿಸಿ ಕೇಳುವುದುಂಟು.

ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತದೆ. ಅವಸರ ಬೇಡ. ರಾತ್ರಿ ಉಳಿಯುವ ಕಡೆ ‘ಕೋನುಸ್’ ಕಾರ್ಡ್ ಕೊಡುತ್ತೀರಾ ಎಂದು ಕೇಳಿ. ಈ ಯೋಜನೆಗೆ ಸೇರಿದ ಊರುಗಳಲ್ಲಿ ತಂಗುವವರು ಬ್ಲ್ಯಾಕ್ ಫಾರೆಸ್ಟ್‌ನ ಬಸ್ಸು, ಲೋಕಲ್ ರೈಲುಗಳಲ್ಲಿ ಟಿಕೆಟ್ ಇಲ್ಲದೆ ಓಡಾಡಬಹುದು. ಸೈಕಲ್ಲಿಗೆ ಅದು ನಡೆಯುವುದಿಲ್ಲ. ಸೈಕಲ್ ಟಿಕೆಟ್‌ನ ನಿಯಮ ಒಂದೊಂದು ಪ್ರದೇಶಕ್ಕೆ ಒಂದೊಂದು ಥರ, ಮಗಳಿಗೆ ಮೊದಲೇ ನೋಡಿಡಲು ಹೇಳಿ. ಬೆಳಿಗ್ಗೆ ಆರರಿಂದ ಒಂಬತ್ತರ ನಡುವಿನ ರೈಲು ಬೇಡ. ಕೆಲಸಕ್ಕೆ ಹೋಗುವವರು ತುಂಬಿರುತ್ತಾರೆ, ಎರಡು ಸೈಕಲ್ ಇಡಲು ಜಾಗ ಸಿಗುವುದು ಕಷ್ಟ.

ಪ್ರಶ್ನೆ: ಅಕ್ಕಾ, ನಾವು ನಾಲ್ಕು ಜನ ಗೆಳೆಯರು. ಸೋಮೇಶ್ವರದಿಂದ ಆಗುಂಬೆ ಘಾಟಿ ಎಷ್ಟೋ ಸಲ ಹತ್ತಿದ್ದೇವೆ. ನಮಗೆ ಹೊಳೆ ದಾರಿ ಬೇಡ, ಗುಡ್ಡದ ನೆತ್ತಿಯ ಮೇಲೇ ಹೋಗಬೇಕು. ಆಗುಂಬೆಗಿಂತ ಕಷ್ಟ ಇದೆಯಾ?
— ಶಿವಮೊಗ್ಗದ ಓದುಗ

ತಮ್ಮಾ, ಆಗುಂಬೆಯನ್ನು ಒಂದು ಸಲ ಹತ್ತಿದರೆ ಮುಗಿಯಿತು. ಮೇಲೆ ಬಂದು ಚಹಾ ಕುಡಿಯಬಹುದು. ಇಲ್ಲಿ ಹಾಗಲ್ಲ. 200 ಮೀಟರ್ ಹತ್ತಬೇಕು, 150 ಇಳಿಯಬೇಕು, ಮತ್ತೆ 180 ಹತ್ತಬೇಕು. ಗರಗಸದ ಹಲ್ಲಿನ ಹಾಗೆ. ಒಂದೊಂದು ಏರೂ ಸಣ್ಣದೇ. ಸಂಜೆ ಹೊತ್ತಿಗೆ ಎಲ್ಲಾ ಸೇರಿ 1,000 ಮೀಟರ್ ಆಗಿರುತ್ತದೆ. ಆದ್ದರಿಂದ ಕಿಲೋಮೀಟರ್ ನೋಡಿ ದಿನದ ಲೆಕ್ಕ ಹಾಕಬೇಡಿ. ಸಾಮಾನು ಹೊತ್ತ ಸೈಕಲ್ಲಿನಲ್ಲಿ 100 ಮೀಟರ್ ಏರು ಅಂದರೆ ಕಾಲು ಗಂಟೆ ಜಾಸ್ತಿ ಅನ್ನುವುದು ನನ್ನ ಲೆಕ್ಕ. 60 ಕಿ.ಮೀ. ದಾರಿಯಲ್ಲಿ 1,000 ಮೀಟರ್ ಏರಿದ್ದರೆ, ಸಪಾಟು ನೆಲಕ್ಕೆ ಬೇಕಾದ ನಾಲ್ಕು ಗಂಟೆಯ ಮೇಲೆ ಎರಡೂವರೆ ಗಂಟೆ ಸೇರಿಸಿ.

ನಿಮಗೆ ಸರಿಹೊಂದುವುದು ಶ್ವಾರ್ಟ್ಸ್‌ವಾಲ್ಡ್ ಪನೋರಮಾ ದಾರಿ. ಶ್ವಾರ್ಟ್ಸ್‌ವಾಲ್ಡ್ ಅಂದರೆ ಬ್ಲ್ಯಾಕ್ ಫಾರೆಸ್ಟೇ, ಜರ್ಮನ್ ಹೆಸರು. ಫೋರ್ಟ್ಸ್‌ಹೈಮ್‌ನಿಂದ ಸ್ವಿಸ್ ಗಡಿಯ ವಾಲ್ಡ್ಸ್‌ಹೂಟ್ ತನಕ ಸುಮಾರು 280 ಕಿ.ಮೀ. ಆರು ದಿನ ಇಟ್ಟುಕೊಳ್ಳಿ. ಕಾಡಿನೊಳಗಿನ ಎಷ್ಟೋ ದಾರಿಗಳು ಟಾರಿನವಲ್ಲ, ಗಟ್ಟಿಯಾಗಿ ಕೂರಿಸಿದ ಜಲ್ಲಿಪುಡಿಯವು. 40 ಮಿಲಿಮೀಟರಿಗಿಂತ ಸಣ್ಣ ಟೈರ್ ಬೇಡ. ಗೇರಿನ ವಿಷಯದಲ್ಲಿ ಇಷ್ಟು ನೋಡಿಕೊಳ್ಳಿ: ಪೆಡಲ್ ಹತ್ತಿರದ ಚಿಕ್ಕ ಚಕ್ರಕ್ಕಿಂತ ಹಿಂದಿನ ದೊಡ್ಡ ಚಕ್ರದಲ್ಲಿ ಹಲ್ಲು ಜಾಸ್ತಿ ಇರಬೇಕು. ಮೂರನೇ ದಿನ ಮೊಣಕಾಲು ನಿಮಗೆ ಥ್ಯಾಂಕ್ಸ್ ಹೇಳುತ್ತದೆ.

ಬಾಡೆನ್‌ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ಗೆ ಹೋಗುವ ಬಿ500 ಹೆದ್ದಾರಿಯ ಫೋಟೋ ನೋಡಿ ಆಸೆಪಡಬೇಡಿ. ನೋಟ ಚೆಂದ, ನಿಜ. ಆದರೆ ಬಿಸಿಲಿರುವ ಶನಿವಾರ, ಭಾನುವಾರ ಮೋಟಾರ್‌ಬೈಕುಗಳದ್ದೇ ಮೆರವಣಿಗೆ. ಕಾಡಿನ ಮೌನ ಕೇಳಲೆಂದು ಅಷ್ಟು ದೂರ ಬರುವುದು, ಅಲ್ವಾ?

ಇಳಿಯುವಾಗ ಎಚ್ಚರ. ಎಂಟು ವರ್ಷದ ಹಿಂದೆ ಕ್ನೀಬಿಸ್ ನೆತ್ತಿಯಿಂದ ಇಳಿಯುತ್ತಾ ಹಿಂದಿನ ಬ್ರೇಕನ್ನು ಒತ್ತಿ ಹಿಡಿದೇ ಬಂದಿದ್ದೆ. ಸುಟ್ಟ ವಾಸನೆ ಬಂತು. ನಿಲ್ಲಿಸಿ ರಿಮ್ ಮುಟ್ಟಿದರೆ ಬೆರಳು ಚುರ್ರೆಂದಿತು. ಬ್ರೇಕಿನ ರಬ್ಬರ್ ಸವೆದು ಮುಗಿದಿತ್ತು. ಇನ್ನೂ ಎರಡು ತಿರುವು ಇಳಿದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಎರಡೂ ಬ್ರೇಕ್ ಬಳಸಿ. ಒಂದು ಜೊತೆ ಹೊಸ ರಬ್ಬರ್ ಚೀಲದಲ್ಲಿರಲಿ.

ಇನ್ನೊಂದು ನಿಯಮ ಗೊತ್ತಿರಬೇಕು. ಬ್ಲ್ಯಾಕ್ ಫಾರೆಸ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಕಾಡಿನೊಳಗೆ ಎರಡು ಮೀಟರಿಗಿಂತ ಕಿರಿದಾದ ಕಾಲುದಾರಿಯಲ್ಲಿ ಸೈಕಲ್ ಹೊಡೆಯುವ ಹಾಗಿಲ್ಲ. ಸೈಕಲ್ಲಿಗೆಂದೇ ಗುರುತು ಹಾಕಿದ್ದರೆ ಮಾತು ಬೇರೆ. ನಡೆಯುವವರಿಗೆ ತೊಂದರೆ ಆಗಬಾರದು ಎಂದು ಈ ನಿಯಮ. ನನಗಿದು ಒಪ್ಪಿಗೆ. ಅಂದಹಾಗೆ, ಪೆಡಲ್ ಇಲ್ಲದ ಮೊದಲ ಎರಡು ಚಕ್ರದ ಗಾಡಿಯನ್ನು 1817ರಲ್ಲಿ ಮಾನ್‌ಹೈಮ್‌ನಲ್ಲಿ ಓಡಿಸಿ ತೋರಿಸಿದ ಕಾರ್ಲ್ ಡ್ರೈಸ್ ಇದೇ ಸೀಮೆಯ ಅರಣ್ಯಾಧಿಕಾರಿ. ಸೈಕಲ್ಲಿಗೂ ಈ ಕಾಡುಗಳಿಗೂ ನಂಟು ಹಳೆಯದು.

ಕಂಡಕಂಡಲ್ಲಿ ಟೆಂಟ್ ಹಾಕಬೇಡಿ, ಅದಕ್ಕೂ ಅನುಮತಿ ಇಲ್ಲ. ಕ್ಯಾಂಪಿಂಗ್ ಜಾಗಗಳು ಬೇಕಾದಷ್ಟಿವೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಸಣ್ಣ ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು?
— ಹುಬ್ಬಳ್ಳಿಯ ಓದುಗರು

ಅವಲಕ್ಕಿ ಒಯ್ಯಿರಿ, ಚಟ್ನಿಪುಡಿ ಒಯ್ಯಿರಿ. ನಾನು ಈಗಲೂ ಒಯ್ಯುತ್ತೇನೆ. ಇಲ್ಲಿನ ಅಂಗಡಿಗಳಲ್ಲಿ ಒಳ್ಳೆಯ ಮೊಸರು ಸಿಗುತ್ತದೆ. ತೆಳು ಅವಲಕ್ಕಿಗೆ ಮೊಸರು, ಚಟ್ನಿಪುಡಿ ಕಲಸಿ ಹೊಳೆ ದಂಡೆಯಲ್ಲಿ ಕೂತು ತಿಂದರೆ ಮತ್ತೆ 20 ಕಿ.ಮೀ. ಧಾರಾಳವಾಗಿ ಹೋಗಬಹುದು.

ಹೋಟೆಲಿನಲ್ಲಿ ಮಾಂಸ ಕಣ್ಣಿಗೆ ಕಾಣದಿದ್ದರೂ ಕೇಳಿಯೇ ತಿನ್ನಿ. ಈ ಕಡೆಯ ಆಲೂಗಡ್ಡೆ ಸಲಾಡಿಗೆ ಎಷ್ಟೋ ಕಡೆ ಮಾಂಸದ ಸಾರು ಹಾಕುತ್ತಾರೆ. ನನಗೆ ಇದು ಗೊತ್ತಾಗಲು ಎರಡು ವರ್ಷ ಬೇಕಾಯಿತು. ಬೇಳೆ ಹುಳಿಯ ಥರ ಕಾಣುವ ಅಡುಗೆ ಸಾಸೇಜ್ ಜೊತೆಗೆ ಬರುತ್ತದೆ. ಸ್ಪೆಟ್ಸ್ಲೆ ಎಂಬ ಹಿಟ್ಟಿನ ತಿನಿಸಿಗೆ ಮೊಟ್ಟೆ ಹಾಕಿರುತ್ತಾರೆ. ‘ಓನೆ ಫ್ಲೈಶ್’ ಅಂದರೆ ಮಾಂಸ ಬೇಡ. ‘ಓನೆ ಐ’ ಅಂದರೆ ಮೊಟ್ಟೆ ಬೇಡ. ‘ಓನೆ ಸ್ಪೆಕ್’ ಅಂದರೆ ಹಂದಿಮಾಂಸದ ಚೂರು ಬೇಡ. ಈ ಮೂರನ್ನು ಬಾಯಿಪಾಠ ಮಾಡಿಕೊಂಡರೆ ಕೆಲಸ ಆಗುತ್ತದೆ. ಫ್ಲಾಮ್‌ಕೂಖನ್ ಎಂಬ ತೆಳು ರೊಟ್ಟಿಯನ್ನು ಸ್ಪೆಕ್ ಇಲ್ಲದೆ, ಬರೀ ಈರುಳ್ಳಿ ಹಾಕಿ ಮಾಡಿಕೊಡಿ ಎಂದು ಕೇಳಿ. ಅದು ನನಗೂ ತುಂಬಾ ಇಷ್ಟ.

ಏನು ತಿನ್ನುತ್ತೀರಿ ಅನ್ನುವುದಕ್ಕಿಂತ ಯಾವಾಗ ತಿನ್ನುತ್ತೀರಿ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಕೆಲವು ಬೇಕರಿ ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆಯುತ್ತವೆ. ಹಳ್ಳಿ ಹೋಟೆಲುಗಳಿಗೆ ವಾರಕ್ಕೊಂದೆರಡು ದಿನ ರಜೆ. ಬಾಗಿಲಲ್ಲಿ ‘ರೂಹೆಟಾಗ್’ ಎಂದು ಬರೆದಿದ್ದರೆ ಆವತ್ತು ಒಲೆ ಹೊತ್ತಿಲ್ಲ ಅಂತ ಅರ್ಥ. ಒಂದು ಸಲ ಮೇ ತಿಂಗಳ ಹಬ್ಬದ ಭಾನುವಾರ, ಮರುದಿನ ಸೋಮವಾರವೂ ರಜೆ. ನನ್ನ ಹತ್ತಿರ ಒಂದು ಬನ್ನು, ಎರಡು ಸೇಬು. ಎರಡು ಊರು ದಾಟಿದರೂ ಏನೂ ಸಿಗಲಿಲ್ಲ. ಕೊನೆಗೆ ತೋಟದ ಮನೆಯೊಂದರ ಅಜ್ಜಿ ನೀರು ಕೇಳಿದ್ದಕ್ಕೆ ಬ್ರೆಡ್ಡು, ಬೆಣ್ಣೆ, ಜಾಮ್ ತಂದು ಮುಂದಿಟ್ಟರು. ದುಡ್ಡು ಕೊಡಲು ಹೋದರೆ ಕೈ ತಳ್ಳಿದರು. ಶನಿವಾರ ಸಂಜೆಯೇ ಎರಡು ಹೊತ್ತಿನದು ಕಟ್ಟಿಕೊಳ್ಳಿ.

ಪ್ರಶ್ನೆ: ಫ್ರಾಂಕ್‌ಫರ್ಟಿನಲ್ಲಿ ಇದ್ದೇವೆ. ಮಕ್ಕಳಿಗೆ 7 ಮತ್ತು 10 ವರ್ಷ. ಗುಡ್ಡ, ಕಾಡು ಇರುವ ಕಡೆ ಅವರನ್ನೂ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಬಹುದೇ?
— ಒಬ್ಬ ತಾಯಿ

ಹಳೆಯ ರೈಲು ದಾರಿ ಹುಡುಕಿ. ರೈಲು ನಿಂತುಹೋದ ಎಷ್ಟೋ ಮಾರ್ಗಗಳ ಹಳಿ ತೆಗೆದು ಸೈಕಲ್ ದಾರಿ ಮಾಡಿದ್ದಾರೆ. ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಅದಕ್ಕೇ ಗುಡ್ಡ ಎಷ್ಟೇ ಎತ್ತರ ಇದ್ದರೂ ಹಳಿಯ ದಾರಿ ನಿಧಾನವಾಗಿ ಏರುತ್ತದೆ. ಮೋಟಾರು ಗಾಡಿಗಳ ಕಾಟವೂ ಇಲ್ಲ.

ನಿಮಗೆ ಹತ್ತಿರದ್ದು ಫುಲ್ಡಾ ಊರಿನ ಪಕ್ಕದಿಂದ ರ್‍ಯೋನ್ ಗುಡ್ಡಗಳಿಗೆ ಹೋಗುವ ಮಿಲ್ಸೆಬುರ್ಗ್ ದಾರಿ, ಸುಮಾರು 27 ಕಿ.ಮೀ. ನಡುವೆ 1,172 ಮೀಟರ್ ಉದ್ದದ ಸುರಂಗ ಇದೆ. ಮಕ್ಕಳಿಗೆ ಅದೇ ಹಬ್ಬ. ಒಳಗೆ ಬೇಸಿಗೆಯಲ್ಲೂ ಚಳಿ, ಸ್ವೆಟರ್ ಇರಲಿ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ಮಲಗುವುದರಿಂದ ಸುರಂಗ ಮುಚ್ಚಿರುತ್ತಾರೆ. ರಜೆ ಜಾಸ್ತಿ ಸಿಕ್ಕರೆ ಐಫೆಲ್ ಗುಡ್ಡಗಳ ಡೌನ್‌ನಿಂದ ಮೋಸೆಲ್ ನದಿಯ ಬೆರ್ನ್‌ಕಾಸ್ಟೆಲ್‌ಗೆ ಇಳಿಯುವ 58 ಕಿ.ಮೀ. ದಾರಿಯನ್ನು ಎರಡು ದಿನದಲ್ಲಿ ಮಾಡಿ. ಊರೊಳಗೆ ಬಂದಾಗ, ಎಂಟು ವರ್ಷ ತುಂಬದ ಮಗು ಫುಟ್‌ಪಾತಿನ ಮೇಲೇ ಸೈಕಲ್ ಹೊಡೆಯಬೇಕು ಎಂಬುದು ಇಲ್ಲಿನ ನಿಯಮ. ಹತ್ತು ತುಂಬುವ ತನಕ ಫುಟ್‌ಪಾತ್ ಬಳಸಬಹುದು.

ಪ್ರಶ್ನೆ: ಮಗಳು ಗ್ಯೋಟಿಂಗನ್‌ನಲ್ಲಿ ಓದುತ್ತಿದ್ದಾಳೆ. ವೇಸರ್ ನದಿ ಪಕ್ಕ ಒಬ್ಬಳೇ ಸೈಕಲ್ ಪ್ರವಾಸ ಹೋಗುತ್ತೇನೆ ಅನ್ನುತ್ತಾಳೆ. ಸುತ್ತ ಕಾಡಂತೆ. ನನಗೆ ಭಯ.
— ಬೆಂಗಳೂರಿನ ಓದುಗರು

ನಿಮ್ಮ ಭಯ ಅರ್ಥವಾಗುತ್ತದೆ ಅಕ್ಕಾ. ನಾನೂ ಮೊದಲ ಸಲ ಒಬ್ಬಳೇ ಹೊರಟಾಗ ಅಮ್ಮ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಆ ದಾರಿ ನನಗೆ ಗೊತ್ತು. ವೆರ್ರಾ, ಫುಲ್ಡಾ ಎರಡು ಹೊಳೆ ಕೂಡಿ ವೇಸರ್ ಆಗುವ ಹಾನ್ ಮ್ಯುಂಡನ್‌ನಿಂದ ಶುರು. ಎಡಗಡೆ ರೈನ್‌ಹಾರ್ಡ್ಸ್‌ವಾಲ್ಡ್ ಕಾಡು. ದಾರಿ ಮಾತ್ರ ನದಿ ಪಕ್ಕ, ಊರಿಂದ ಊರಿಗೆ. ಹೆಮೆಲ್ನ್ ಹತ್ತಿರ ಎಂಜಿನ್ನಿನ ಬದಲು ನೀರಿನ ಸೆಳೆತದಿಂದಲೇ, ಹಗ್ಗಕ್ಕೆ ಕಟ್ಟಿಕೊಂಡು ಆಚೆ ದಡ ಸೇರುವ ದೋಣಿ ಇದೆ. ಮಗಳಿಗೆ ಅದನ್ನು ಹತ್ತಲು ಹೇಳಿ. ಸೈಕಲ್ ಯಾತ್ರಿಗಳು ಇಡೀ ದಿನ ಎದುರಾಗುತ್ತಿರುತ್ತಾರೆ, ಒಂಟಿ ಹೆಣ್ಣುಮಕ್ಕಳೂ ಬೇಕಾದಷ್ಟು ಇರುತ್ತಾರೆ.

ನಾನು ಹೆದರುವುದು ಉಣುಗಿಗೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಆ ವೈರಸ್ಸಿನ ಹತ್ತಿರದ ಬಂಧು ಒಂದು ಇಲ್ಲಿದೆ, ಅದು ಮೆದುಳಿಗೆ ಉರಿಯೂತ ತರುತ್ತದೆ. ಅದಕ್ಕೆ ಲಸಿಕೆ ಇದೆ. ದಕ್ಷಿಣದ ಬವೇರಿಯಾ, ಬಾಡೆನ್-ವ್ಯುರ್ಟೆಂಬರ್ಗ್ ಕಾಡುಗಳಿಗೆ ಹೋಗುವವರು ಹಾಕಿಸಿಕೊಳ್ಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಮೂರು ಸಲ ಚುಚ್ಚಿಸಿಕೊಳ್ಳಬೇಕು, ಆದ್ದರಿಂದ ತಿಂಗಳುಗಳ ಮುಂಚೆ ಡಾಕ್ಟರನ್ನು ಕೇಳಿ. ಲೈಮ್ ಎಂಬ ಇನ್ನೊಂದು ಕಾಯಿಲೆ ಇಡೀ ದೇಶದಲ್ಲಿದೆ. ಸಂಜೆ ಸ್ನಾನ ಮಾಡುವಾಗ ಮೊಣಕಾಲ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಬೇಕು. ಉಣುಗು ಕಂಡರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ಎಳೆಯಬೇಕು. ಎಣ್ಣೆ ಗಿಣ್ಣೆ ಹಚ್ಚಬಾರದು. ದಿನಗಳಾದ ಮೇಲೆ ಉಂಗುರದ ಹಾಗೆ ಕೆಂಪಾದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಗಾಳಿ ಜೋರಿರುವ ದಿನ ಕಾಡಿನೊಳಗೆ ಬೇಡ. 2018ರ ನಂತರದ ಬರಗಾಲ, ತೊಗಟೆ ಕೊರೆಯುವ ಹುಳ ಸೇರಿ ಸ್ಪ್ರೂಸ್ ಮರಗಳನ್ನು ರಾಶಿ ರಾಶಿಯಾಗಿ ಒಣಗಿಸಿವೆ, ಹಾರ್ಟ್ಸ್ ಗುಡ್ಡಗಳಲ್ಲಂತೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಣಮರ ಯಾವಾಗ ಬೀಳುತ್ತದೋ ಹೇಳಲಾಗದು. ಮರ ಕಡಿಯುವ ಕಡೆ ಅಡ್ಡ ಫಲಕ ಇಟ್ಟಿದ್ದರೆ, ಯಾರೂ ಕಾಣದಿದ್ದರೂ ದಾಟಬಾರದು. ಕಾಡುದಾರಿಗಳಲ್ಲಿ ಹಸಿರು ಹಿನ್ನೆಲೆಯಲ್ಲಿ ಬಿಳಿ ಶಿಲುಬೆ ಮತ್ತು ಒಂದು ನಂಬರ್ ಇರುವ ಫಲಕ ಸಿಗುತ್ತದೆ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ ಆ ನಂಬರ್ ಹೇಳಿದರೆ ಸಾಕು, ಆಂಬುಲೆನ್ಸಿಗೆ ಜಾಗ ಗೊತ್ತಾಗುತ್ತದೆ. ದಾಟಿದ ಪ್ರತಿ ಫಲಕದ ಫೋಟೋ ತೆಗೆದುಕೊಳ್ಳಲು ಮಗಳಿಗೆ ಹೇಳಿ. ಸಂಜೆ ಅದನ್ನೇ ನಿಮಗೂ ಕಳಿಸಲಿ.

ಪ್ರಶ್ನೆ: ಬಾಡಿಗೆಗೆ ಬ್ಯಾಟರಿ ಸೈಕಲ್ ತೆಗೆದುಕೊಳ್ಳಬಹುದೇ? ಲೈಸೆನ್ಸ್ ಬೇಕೇ?
— ಬೆಳಗಾವಿಯ ಓದುಗರು

ತೆಗೆದುಕೊಳ್ಳಿ. ಗಂಟೆಗೆ 25 ಕಿ.ಮೀ. ತನಕ ಮಾತ್ರ ಪೆಡಲಿಗೆ ಬಲ ಕೊಡುವ ಸೈಕಲ್ಲಿಗೆ ಲೈಸೆನ್ಸ್ ಬೇಡ. ಆದರೆ ಅದು 25 ಕೆ.ಜಿ. ತೂಗುತ್ತದೆ. ಲಿಫ್ಟ್ ಇಲ್ಲದ ಸ್ಟೇಷನ್ನಿನ ಮೆಟ್ಟಿಲಲ್ಲಿ ಎತ್ತಲು ಇಬ್ಬರು ಬೇಕು.

ಪ್ರಶ್ನೆ: ಮಂಗಳೂರಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಕಿಟೆಲ್, ಮೋಗ್ಲಿಂಗ್ ಅವರ ಊರುಗಳನ್ನು ಮುಟ್ಟುವ ಸೈಕಲ್ ದಾರಿ ಇದೆಯೇ? ಮೊಮ್ಮಗ ಹೋಗುವವನಿದ್ದಾನೆ. ಆದರೆ ನಾನೂ ರೈಲಿನಲ್ಲಿ ಜೊತೆಗೆ ಹೋಗುತ್ತೇನೆ.
— ಮಂಗಳೂರಿನ ಓದುಗರು

ಮೇಡಂ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಇದೆ. ನಾನು ದಿನಾ ಓಡಾಡುವ ದಾರಿಯೇ ಅದು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಟ್ಯೂಬಿಂಗನ್‌ನಲ್ಲಿ ಕಳೆದರು. 1896ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಇಲ್ಲೇ ತೀರಿಕೊಂಡರು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ, 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ಎರಡೂ ಊರು ನೆಕ್ಕರ್ ಹೊಳೆಯ ಮೇಲಿವೆ. ಹೊಳೆ ಪಕ್ಕ ಸೈಕಲ್ ದಾರಿ ಇದೆ.

ಮೊಮ್ಮಗ ಕಾಲ್ಫ್ ಊರಿನಿಂದ ಶುರುಮಾಡಲಿ. ಅದು ಬ್ಲ್ಯಾಕ್ ಫಾರೆಸ್ಟ್‌ನ ಉತ್ತರ ಭಾಗದ ಪೂರ್ವ ಅಂಚಿನಲ್ಲಿ, ನಾಗೋಲ್ಡ್ ಹೊಳೆಯ ಕಣಿವೆಯಲ್ಲಿದೆ. ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಮರಳಿ ಬಂದು ನೆಲೆಸಿದ್ದು ಈ ಊರಿನಲ್ಲಿ. 1893ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಹಳೆಯ ಕಲ್ಲುಸೇತುವೆಯ ಮೇಲೇ ಪುಟ್ಟ ಗುಡಿಯಂಥ ಪ್ರಾರ್ಥನಾಮಂದಿರ ಇದೆ. ಅಲ್ಲಿ ನಿಂತರೆ ಎರಡೂ ಕಡೆ ಕಡಿದಾದ ಕಾಡು, ಕೆಳಗೆ ಹೊಳೆಯ ಸದ್ದು. ಹತ್ತಿರದಲ್ಲೇ ಹಿರ್ಸೌ ಮಠದ ಅವಶೇಷಗಳಿವೆ. ಅಲ್ಲಿಂದ ನಾಗೋಲ್ಡ್ ಊರಿಗೆ ಹೊಳೆಯ ಮೇಲ್ಮುಖವಾಗಿ ಹೋಗಬೇಕು, ಏರು ಸೌಮ್ಯ. ನಾಗೋಲ್ಡ್ ಮತ್ತು ಹೋರ್ಬ್ ನಡುವೆ ಗುಡ್ಡ ಅಡ್ಡ ಬರುತ್ತದೆ, ಅಷ್ಟು ದೂರ ರೈಲು ಹತ್ತಲಿ. ಹೋರ್ಬ್‌ನಿಂದ ನೆಕ್ಕರ್ ಪಕ್ಕ ರೊಟೆನ್‌ಬುರ್ಗ್ ಮೇಲೆ ಟ್ಯೂಬಿಂಗನ್, 40 ಕಿ.ಮೀ. ಒಳಗೆ. ಮರುದಿನ ಎಸ್ಲಿಂಗನ್‌ಗೆ ಸುಮಾರು 50 ಕಿ.ಮೀ.

ಕಾಲ್ಫ್‌ನಿಂದ ಹೋರ್ಬ್ ಮೂಲಕ ಟ್ಯೂಬಿಂಗನ್ ತನಕ ರೈಲು ಈ ಕಣಿವೆಗಳಲ್ಲೇ ಓಡುತ್ತದೆ. ಕಾಲ್ಫ್ ಬಿಡುವಾಗ ಬಲಗಡೆ, ಎಡಗಡೆ ಎಂದು ಯೋಚಿಸಬೇಡಿ, ಹೊಳೆ ಎರಡೂ ಕಿಟಕಿಗೆ ಸಿಗುತ್ತದೆ. ಮೊಮ್ಮಗನಿಗಿಂತ ಮೊದಲು ನೀವೇ ತಲುಪುತ್ತೀರಿ. ನನ್ನ ಫೋನ್ ನಂಬರ್ ಸಂಪಾದಕರ ಹತ್ತಿರ ಇದೆ. ಟ್ಯೂಬಿಂಗನ್ ಸ್ಟೇಷನ್ನಿಗೆ ನಾನು ಬರುತ್ತೇನೆ. ಅವನು ಬರುವ ತನಕ ನಮ್ಮ ಮನೆಯಲ್ಲಿ ಕೂತು ಊಟ ಮಾಡೋಣ.